ಉತ್ತರ ಬರುವವರೆಗೆ ಖಾಲಿ

ನಮ್ಮ ಪುಟ್ಟ ಮೇಸ್ತ್ರಿಗೆ,

ಈ ಹೆಸರು ನಿನಗೆ ನೆನಪಿರಲಾರದು. ಎರಡೂವರೆ ವರ್ಷದವಳಾಗಿದ್ದಾಗ ನಮ್ಮ ಮನೆಗೆ ಬಂದೆ, ಮೂರೂವರೆ ದಾಟಿದ ಮೇಲೆ ನಿನ್ನ ಅಮ್ಮನ ಮನೆಗೆ ಹೋದೆ. ನಡುವಿನ ಒಂದು ವರ್ಷ ಸೊಂಟದ ಮೇಲೆ ಕೈಯಿಟ್ಟುಕೊಂಡು ನಮ್ಮಿಬ್ಬರ ಮೇಲೆ ದರ್ಬಾರು ನಡೆಸಿದೆ. ಅದಕ್ಕೇ ನನ್ನ ಗಂಡ, ಅಂದರೆ ನಿನ್ನ ಮಾಮ, ನಿನಗೆ ಮೇಸ್ತ್ರಿ ಎಂದು ಹೆಸರಿಟ್ಟ. ಹಳೆಯ ಕುರ್ಚಿ, ಸೋಫಾಗಳಿಗೆ ಹೊಸ ಬಟ್ಟೆ ಹೊದಿಸಿಕೊಡುವ ಅಂಗಡಿ ಅವನದು. ಅವನು ಮೊಳೆ ಹೊಡೆಯುವಾಗ ನೀನು ಪಕ್ಕದಲ್ಲಿ ನಿಂತು, ಇನ್ನೊಂದು, ಇನ್ನೊಂದು ಎನ್ನುತ್ತಿದ್ದೆ. ಅವನು ಕೈ ನಿಲ್ಲಿಸಿದರೆ ಬೈಯುತ್ತಿದ್ದೆ.

ಈ ಪತ್ರವನ್ನು ನಿನ್ನ ಅಮ್ಮನ ಕೈಗೆ ಕೊಡುತ್ತೇನೆ. ದೊಡ್ಡವಳಾದ ಮೇಲೆ ಎಂದಾದರೂ ನೀನೇ ಕೇಳಿದರೆ, ಆ ಒಂದು ವರ್ಷ ನಾನೆಲ್ಲಿದ್ದೆ ಎಂದು ಕೇಳಿದರೆ, ಅವಳು ಇದನ್ನು ನಿನಗೆ ಕೊಡುತ್ತಾಳೆ. ಕೇಳದಿದ್ದರೆ ಇಲ್ಲ. ಹಾಗೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ಬೇಕಾಗುತ್ತದೋ ಇಲ್ಲವೋ ಗೊತ್ತಿಲ್ಲದ ಪತ್ರವನ್ನು ಈಗಲೇ ಕೂತು ಬರೆಯುವವಳಿಗೆ ಏನನ್ನಬೇಕು? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವಳು ಎನ್ನುತ್ತಾರೆ. ನಮ್ಮ ಆಫೀಸಿನಲ್ಲಿ ನನ್ನ ಅಡ್ಡಹೆಸರೇ ಕುಲಾವಿ. ಅದು ಯಾಕೆ ಬಂತೆಂದು ಹೇಳಬೇಕಾದರೆ ನನ್ನ ಕೆಲಸದ ಬಗ್ಗೆ ಒಂದಿಷ್ಟು ಹೇಳಬೇಕು. ಅದನ್ನು ಬಿಟ್ಟು ನಿನ್ನ ವಿಷಯ ಹೇಳಲು ನನಗೆ ಬರುವುದಿಲ್ಲ. ಸ್ವಲ್ಪ ತಾಳಿಕೋ.

ನೀನೇ ಒಮ್ಮೆ ಕೇಳಿದ್ದೆ. ಬೆಳಿಗ್ಗೆ ನಾನು ಹೊರಡುವ ಗಡಿಬಿಡಿಯಲ್ಲಿದ್ದಾಗ ಬಾಗಿಲಿಗೆ ಅಡ್ಡ ನಿಂತು, ಆಫೀಸಿನಲ್ಲಿ ಏನು ಮಾಡುತ್ತೀಯ ಎಂದು ವಿಚಾರಣೆ ಮಾಡಿದೆ. ಚಿಪ್‌ಗಳಿಗೆ ಟೈಮ್‌ಟೇಬಲ್ ಹಾಕುತ್ತೇನೆ ಎಂದೆ. ಹಾಗಾದರೆ ಸರಿ ಎಂಬಂತೆ ದಾರಿ ಬಿಟ್ಟೆ. ಈಗ ಇನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಚಿಪ್ ಏನು ಮಾಡಬೇಕೆಂಬುದನ್ನು ಎಂಜಿನಿಯರುಗಳು ಪ್ರೋಗ್ರಾಮಿನಂತೆ ಬರೆದುಕೊಡುತ್ತಾರೆ. ಅದನ್ನು ನಿಜವಾದ ಚಿಪ್‌ನ ನಕ್ಷೆಯಾಗಿ ಬದಲಾಯಿಸುವ ಸಾಫ್ಟ್‌ವೇರ್ ನಮ್ಮದು. ಚಿಪ್‌ನೊಳಗೆ ಒಂದು ಗಡಿಯಾರ ಟಿಕ್ ಟಿಕ್ ಎನ್ನುತ್ತಿರುತ್ತದೆ. ಯಾವ ಟಿಕ್ಕಿಗೆ ಯಾವ ಲೆಕ್ಕ ನಡೆಯಬೇಕು, ಕೂಡುವ, ಗುಣಿಸುವ ಘಟಕಗಳಲ್ಲಿ ಯಾವುದನ್ನು ಯಾವ ಲೆಕ್ಕಕ್ಕೆ ಬಿಟ್ಟುಕೊಡಬೇಕು ಎಂದು ಗೊತ್ತುಮಾಡುವುದೇ ಶೆಡ್ಯೂಲಿಂಗ್. ಲೆಕ್ಕಗಳು ಒಂದರ ಹಿಂದೆ ಒಂದು ಸಾಲಾಗಿ ನಡೆದರೆ ಅದೇನು ಮಹಾ ವಿದ್ಯೆಯಲ್ಲ. ತಲೆನೋವು ಶುರುವಾಗುವುದು, ಹೀಗಾದರೆ ಇದು, ಹಾಗಾದರೆ ಅದು ಎಂಬ ಕವಲು ಬಂದಾಗ. ಆ ಕವಲುಗಳು ನನ್ನ ಪಾಲಿಗೆ ಬಂದಿದ್ದವು. ಜನ ಅನ್ನ ತಿಂದು ಬದುಕುತ್ತಾರೆ, ನಾನು 'ಆದರೆ'ಗಳನ್ನು ತಿಂದು ಬದುಕುತ್ತೇನೆ ಎಂದು ನಿನ್ನ ಮಾಮ ಆಡಿಕೊಳ್ಳುತ್ತಾನೆ.

ನೀನು ಬಂದ ವರ್ಷ ನಮ್ಮ ಕೈಯಲ್ಲಿದ್ದದ್ದು ಕಿವಿ ಮಿಷನ್ನಿನ ಚಿಪ್. ಕಿವಿ ಮಂದವಾದವರು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅದು. ಹೊರಗಿನಿಂದ ಬಂದದ್ದು ಮಾತಾಗಿದ್ದರೆ ಅದನ್ನು ಎತ್ತಿ ಕೇಳಿಸಬೇಕು, ಬರೀ ಗದ್ದಲವಾಗಿದ್ದರೆ ತಗ್ಗಿಸಬೇಕು. ಆದರೆ ಅದು ಮಾತೋ ಗದ್ದಲವೋ ಎಂದು ತಿಳಿಯಲು ಚಿಪ್‌ಗೆ ಒಂದಿಷ್ಟು ಹೊತ್ತು ಬೇಕು. ಆ ಹೊತ್ತಿನಲ್ಲಿ ಏನು ಮಾಡುವುದು? ಪ್ರಶ್ನೆ ಇಷ್ಟೇ. ಇದರ ಮೇಲೆ ನಮ್ಮ ಆಫೀಸಿನಲ್ಲಿ ಎರಡು ಪಂಗಡ.

ಒಂದು ಪಂಗಡದ ಯಜಮಾನರು ನಮ್ಮ ಹಿರಿಯ ಎಂಜಿನಿಯರ್. ಮಾತೆತ್ತಿದರೆ ತಾಳಿದವನು ಬಾಳಿಯಾನು ಎನ್ನುವ ಅವರನ್ನು ಹಿಂದಿನಿಂದ ತಾಳ್ಮೆರಾಯರು ಎಂದು ಕರೆಯುತ್ತಿದ್ದೆವು. ಉತ್ತರ ಬರಲಿ, ಆಮೇಲೆ ಆ ಒಂದು ಕವಲನ್ನು ಮಾತ್ರ ನಡೆಸೋಣ ಎನ್ನುವುದು ಅವರ ಮತ. ಎರಡರಲ್ಲಿ ಒಂದೇ ನಡೆಯುವುದಾದ್ದರಿಂದ ಒಂದೇ ಘಟಕ ಎರಡಕ್ಕೂ ಸಾಕಾಗುತ್ತದೆ, ಚಿಪ್ ಸಣ್ಣದಾಗುತ್ತದೆ, ಬ್ಯಾಟರಿ ಬಾಳುತ್ತದೆ. ನಾನು ಇನ್ನೊಂದು ಪಂಗಡ, ಒಂಟಿಯಾಗಿ. ತಾಳಿದವನು ಬಾಳಬಹುದು ಸಾರ್, ಆದರೆ ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ ಎನ್ನುತ್ತಿದ್ದೆ. ಕಾಯುತ್ತಾ ಕೂತರೆ ಮಾತು ಕಿವಿಗೆ ತಡವಾಗಿ ಬರುತ್ತದೆ, ಎದುರಿನವರ ತುಟಿ ಒಂದು ಹೇಳಿದರೆ ಕಿವಿ ಇನ್ನೊಂದು ಕೇಳುತ್ತದೆ. ಅದಕ್ಕೆ ಬದಲು ಉತ್ತರ ಬರುವ ಮುಂಚೆಯೇ ಎರಡೂ ಕವಲಿನ ಲೆಕ್ಕ ಶುರುಮಾಡಿ, ಉತ್ತರ ಬಂದ ಮೇಲೆ ಬೇಡದ್ದನ್ನು ಎಸೆದರಾಯಿತು. ಕುಲಾವಿ ಎಂಬ ಹೆಸರು ಬಂದದ್ದು ಹೀಗೆ. ನನಗೆ ಅದರಿಂದ ಬೇಸರವೇನೂ ಆಗಲಿಲ್ಲ. ಕೂಸು ಹುಟ್ಟಿದ ದಿನ ಅದರ ತಲೆಗೆ ಶೀತ ತಗಲುವುದಕ್ಕಿಂತ ಕುಲಾವಿ ಸಿದ್ಧವಿರುವುದು ಮೇಲಲ್ಲವೇ?

ಆ ನನ್ನ ಜಾಣತನದಲ್ಲೇ ಒಂದು ಎಡವಟ್ಟಾಯಿತು. ಮಿಷನ್ನನ್ನು ಹಾಕಿಕೊಂಡು ನೋಡಲು ನಮ್ಮಲ್ಲಿಗೆ ಒಬ್ಬರು ನಿವೃತ್ತ ಬಸ್ ಕಂಡಕ್ಟರ್ ಬರುತ್ತಿದ್ದರು. ನಾನು ಮಾಡಿದ್ದನ್ನು ಕಿವಿಗೇರಿಸಿಕೊಂಡು ಒಂದು ವಾರ ತಿರುಗಾಡಿ ಬಂದು ಕುರ್ಚಿಯಲ್ಲಿ ಕೂತು ಮುಖ ಸಪ್ಪಗೆ ಮಾಡಿಕೊಂಡರು. "ಫ್ಯಾನು ನನ್ನನ್ನ ಏನೋ ಕೇಳೋಕೆ ಶುರು ಮಾಡುತ್ತೆ ಕಣಮ್ಮ, ಆಮೇಲೆ ಸುಮ್ಮನಾಗಿಬಿಡುತ್ತೆ. ನಾನು ಏನು ಅಂತ ತಿರುಗಿ ತಿರುಗಿ ನೋಡ್ತೀನಿ," ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಹುಡುಕಿದರೆ ತಪ್ಪು ಇದ್ದದ್ದು ಕವಲುಗಳಲ್ಲಿ ಅಲ್ಲ, ಫಲ ಇಡುವ ಜಾಗದಲ್ಲಿ. ಎರಡೂ ಕವಲು ತಮ್ಮ ಫಲವನ್ನು ಕೊನೆಗೆ ಬರೆಯುವುದು ಒಂದೇ ಜಾಗದಲ್ಲಿ. ಮುಂಚೆಯೇ ಓಡಿದ ಮಾತಿನ ಕವಲು, ಅದು ಮಾತೇ ಎಂದು ತೀರ್ಮಾನವಾಗುವ ಮೊದಲೇ, ತನ್ನದನ್ನು ಅಲ್ಲಿ ಬರೆದುಬಿಟ್ಟಿತ್ತು. ಕಿವಿ ಅದನ್ನು ನಂಬಿತ್ತು. ಅಂದಿನಿಂದ ಈ ಟೈಮ್‌ಟೇಬಲ್ ಹಾಕುವ ನನ್ನ ಪ್ರೋಗ್ರಾಮಿಗೆ, ಅಂದರೆ ಶೆಡ್ಯೂಲರ್‌ಗೆ ಒಂದು ನಿಯಮ ಹಾಕಿದೆ. ಲೆಕ್ಕವನ್ನು ಎಷ್ಟು ಬೇಕಾದರೂ ಮುಂಚೆ ಮಾಡು, ಮಾಡಿದ್ದನ್ನು ಪಕ್ಕದಲ್ಲಿ ಎತ್ತಿಡು. ಆ ಒಂದು ಜಾಗ ಮಾತ್ರ ಉತ್ತರ ಬರುವವರೆಗೆ ಖಾಲಿ ಇರಲಿ.

ಅದೇ ತಿಂಗಳು ಮಕ್ಕಳ ಕಚೇರಿಯ ಮೇಡಂ ಫೋನ್ ಮಾಡಿದರು. ನಮಗೆ ಮಕ್ಕಳಿರಲಿಲ್ಲ. ದತ್ತು ಪಡೆಯಲೆಂದು ಅಲ್ಲಿ ಹೆಸರು ಬರೆಸಿ ಬಹಳ ಕಾಲವಾಗಿತ್ತು, ಬರೆಸಿದ್ದನ್ನು ಮರೆತಂತೆ ಇಬ್ಬರೂ ನಟಿಸುತ್ತಿದ್ದೆವು. ಮೇಡಂ ನಮ್ಮನ್ನು ಕೂರಿಸಿಕೊಂಡು ನಿನ್ನ ವಿಷಯ ಹೇಳಿದರು. ತಂದೆ ಇಲ್ಲ, ಹಿಂದೆಮುಂದೆ ಯಾರೂ ಇಲ್ಲ, ತಾಯಿ ಎದೆಯ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದಾಳೆ. ಉಳಿಯುತ್ತಾಳೋ ಇಲ್ಲವೋ ಡಾಕ್ಟರುಗಳೇ ಹೇಳುತ್ತಿಲ್ಲ. ಉಳಿದರೆ ಮಗು ಅವಳ ಹತ್ತಿರ ಹೋಗಬೇಕು. ಇಲ್ಲದಿದ್ದರೆ ನಿಮ್ಮದು. "ಎರಡಕ್ಕೂ ತಯಾರಿದ್ರೆ ಮಾತ್ರ ಹ್ಞೂಂ ಅನ್ನಿ. ಒಂದಕ್ಕೆ ಮಾತ್ರ ತಯಾರಿದ್ರೆ ಬೇಡ," ಎಂದರು. ನಿನ್ನ ಮಾಮ ಯೋಚಿಸಿ ಹೇಳುತ್ತೇವೆ ಎನ್ನಲು ಬಾಯಿ ತೆರೆದ. ನಾನು ಹ್ಞೂಂ ಎಂದಾಗಿತ್ತು.

ನನ್ನ ಅವಸರ ಅವನಿಗೆ ಹಿಡಿಸಲಿಲ್ಲ. ಅವನ ಕಸುಬಿನಲ್ಲಿ ಅಳತೆ ಸಿಗದೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಆಫೀಸಿನಲ್ಲಿ ಒಬ್ಬರು ತಾಳ್ಮೆರಾಯರು, ಮನೆಯಲ್ಲಿ ಇನ್ನೊಬ್ಬರು. ಎತ್ತ ಹೋದರೂ ನನಗೆ ಇದೇ ಜಗಳ.

ನೀನು ಬಂದ ದಿನ ಅಳಲಿಲ್ಲ. ಹಾಲ್‌ನ ನಡುವೆ ನಿಂತು, ಸೊಂಟಕ್ಕೆ ಕೈಕೊಟ್ಟು, ಕುರ್ಚಿ ಮೇಜು ಕಪಾಟುಗಳನ್ನೆಲ್ಲ ಒಂದು ಸುತ್ತು ನೋಡಿ, ಇಲ್ಲಿ ಯಾರ್ಯಾರು ಇದ್ದೀರಿ ಎಂದು ಕೇಳಿದೆ. ನಾವಿಬ್ಬರು ಎಂದೆ ನಾನು. ಅಷ್ಟೇನಾ ಎಂದೆ ನೀನು. ಹಾಲಿನಲ್ಲಿ ಅದ್ದಿದ ಬ್ರೆಡ್ಡಿನ ಮೆತ್ತಗಿನ ಭಾಗ ತಿಂದು ಅಂಚನ್ನು ನನ್ನ ಕೈಯಲ್ಲಿಟ್ಟೆ, ಏನೋ ಉಡುಗೊರೆ ಕೊಡುವವಳ ಹಾಗೆ. ಆ ಒದ್ದೆ ಅಂಚನ್ನು ನಾನು ತಿಂದೆ. ಅಲ್ಲಿಗೆ ನನ್ನ ಕಥೆ ಮುಗಿಯಿತು ಎಂದು ಈಗ ಅನಿಸುತ್ತದೆ.

ಆಮೇಲೆ ಕುಲಾವಿ ತನ್ನ ಬುದ್ಧಿ ತೋರಿಸತೊಡಗಿದಳು. ನಿನ್ನ ಕಾಲಿಗೆ ಆಗುವ ಶೂ ಕೊಂಡಾಗ ಅದರ ಮುಂದಿನ ಅಳತೆಯದ್ದನ್ನೂ ಕೊಂಡೆ. ಶಾಲೆಯ ಚೀಲ ಕೊಂಡೆ, ಶಾಲೆಗೆ ಇನ್ನೂ ಎಷ್ಟೋ ಕಾಲವಿತ್ತು. ಎಲ್ಲವನ್ನೂ ಕಪಾಟಿನ ಮೇಲೆ ಹಳೆಯ ಕಂಬಳಿಯ ಹಿಂದೆ ಬಚ್ಚಿಟ್ಟೆ. ಧೂಳು ಹೊಡೆಯಲು ಹತ್ತಿದ ನಿನ್ನ ಮಾಮನ ಕೈಗೆ ಅವೆಲ್ಲ ಸಿಕ್ಕವು. ಅವನು ರೇಗಲಿಲ್ಲ. ಏಣಿಯ ಮೇಲೆಯೇ ಕೂತು, "ಬಟ್ಟೆ ಹಾಳಾದ್ರೆ ಇನ್ನೊಂದು ತರಬಹುದು. ಇವಳು ಬಟ್ಟೆ ಅಲ್ಲ ಕಣೆ," ಎಂದ. ನಾನೂ ಸುಮ್ಮನಿರುವ ಪೈಕಿ ಅಲ್ಲ, ಬೇಕಾದಷ್ಟು ಅಂದೆ. ಆದರೆ ಅವನು ಹೇಳದೆ ಬಿಟ್ಟದ್ದು ನನಗೆ ಗೊತ್ತಿತ್ತು. ಆ ಶೂ ನಿನ್ನ ಕಾಲಿಗೆ ನಮ್ಮ ಮನೆಯಲ್ಲೇ ಆಗಬೇಕಾದರೆ ನಿನ್ನ ಅಮ್ಮ ಬದುಕಿರಬಾರದು. ನಿನ್ನನ್ನು ಬಯಸುವುದಕ್ಕೂ ಅವಳ ಸಾವನ್ನು ಬಯಸುವುದಕ್ಕೂ ನಡುವೆ ಒಂದು ಬೆರಳು ತೂರುವಷ್ಟು ಸಂದೂ ಇರಲಿಲ್ಲ. ನಾನು ನಿನ್ನನ್ನು ಬಯಸುತ್ತಿದ್ದೆ. ಬೆಳಿಗ್ಗೆ ಎದ್ದ ಕೂಡಲೇ ಬಯಸುತ್ತಿದ್ದೆ. ಅವಳು ಚೆನ್ನಾಗಿರಲಿ ಎಂದು ಅದರ ಹಿಂದೆಯೇ ಅವಸರವಾಗಿ ಹೇಳಿಕೊಳ್ಳುತ್ತಿದ್ದೆ.

ನಿನ್ನ ಮಾಮ ಮೊದಮೊದಲು ನಿನ್ನನ್ನು ಎತ್ತಿಕೊಳ್ಳುತ್ತಲೇ ಇರಲಿಲ್ಲ. ಕಾಯುವವನ ಶಿಸ್ತು. ಒಂದು ಮಧ್ಯಾಹ್ನ ನೀನು ಅವನ ಅಂಗಡಿಯಲ್ಲಿ, ಕೆಲಸ ಮುಗಿಸಿಟ್ಟಿದ್ದ ಸೋಫಾದ ಮೇಲೆ ಹತ್ತಿ ಮಲಗಿ ನಿದ್ದೆಹೋದೆ. ಸೋಫಾದ ಯಜಮಾನ ಅದನ್ನು ಒಯ್ಯಲು ಗಾಡಿ ತಂದು ನಿಂತ. ಗೋಂದು ಒಣಗಿಲ್ಲ, ನಾಳೆ ಬನ್ನಿ ಎಂದು ನಿನ್ನ ಮಾಮ ಅವನನ್ನು ಬೀದಿಯಿಂದಲೇ ವಾಪಸು ಕಳಿಸಿದ. ಆ ಸೋಫಾಕ್ಕೆ ಗೋಂದೇ ಹಾಕಿರಲಿಲ್ಲ. ಅವತ್ತಿನಿಂದ ಅವನೂ ನನ್ನ ಪಂಗಡ ಸೇರಿದ, ಒಪ್ಪಿಕೊಳ್ಳಲಿಲ್ಲ ಅಷ್ಟೇ.

ಆದರೂ ದಾರಿ ತೋರಿಸಿದವನು ಅವನೇ. ಒಂದು ದಿನ ನಿನಗೆ ಗುಂಡಿ ಹಾಕುವುದು ಕಲಿಸುತ್ತಾ ಕೂತಿದ್ದವನು ತಲೆಯೆತ್ತದೆ ಹೇಳಿದ. "ಇವಳು ಇಲ್ಲೇ ಇದ್ರೆ ಏನು ಬೇಕು, ಹೋದ್ರೆ ಏನು ಬೇಕು ಅಂತ ಬೇರೆ ಬೇರೆ ಯಾಕೆ ನೋಡ್ತೀಯ? ಎರಡಕ್ಕೂ ಬೇಕಾಗಿರೋದು ಎಷ್ಟೊಂದಿದೆ. ಮೊದಲು ಅದನ್ನೆಲ್ಲ ಮಾಡೋಣ." ಗುಂಡಿ ಹಾಕಲು ಬರುವುದು ಎಲ್ಲಿದ್ದರೂ ಬೇಕು. ನಿನ್ನ ಪೂರ್ತಿ ಹೆಸರು ಹೇಳಲು ಬರಬೇಕು. ನಾಯಿ ಕಂಡರೆ ಓಡಬಾರದು, ಕೆರೆ ಬಾವಿ ಕಂಡರೆ ದೂರ ಓಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ ನಿನಗೆ ನಿನ್ನ ಅಮ್ಮನ ಮುಖ ಗೊತ್ತಿರಬೇಕು. ಅವಳು ಬದುಕಿದರೆ ಗುರುತು ಹಿಡಿಯಲು, ಬದುಕದಿದ್ದರೆ ನೆನಪಿಟ್ಟುಕೊಳ್ಳಲು.

ನಾನು ಮರುದಿನ ಆಫೀಸಿಗೆ ಹೋಗಿ ಅದನ್ನೇ ಶೆಡ್ಯೂಲರ್‌ಗೆ ಹಾಕಿದೆ. ನಮ್ಮ ವಿದ್ಯೆಯಲ್ಲಿ ಇದೇನು ಹೊಸತಲ್ಲ, ನಾನು ಜಗಳದ ಭರದಲ್ಲಿ ಅದನ್ನು ಮೂಲೆಗೆ ತಳ್ಳಿದ್ದೆ. ಮಾತಾಗಲಿ ಗದ್ದಲವಾಗಲಿ ಸದ್ದಿನ ಜೋರು ಅಳೆಯಲೇಬೇಕು, ಗಡಸು ಸ್ವರ ಕೀರಲು ಸ್ವರಗಳನ್ನು ಬೇರ್ಪಡಿಸಲೇಬೇಕು. ಎರಡೂ ಕವಲಿಗೆ ಸಲ್ಲುವ ಇಂಥವನ್ನೆಲ್ಲ ಎತ್ತಿ ಉತ್ತರಕ್ಕೆ ಮುಂಚಿನ ಹೊತ್ತಿಗೆ ತಂದೆ. ಅದರ ಮೇಲೂ ಒಂದೆರಡು ಟಿಕ್ಕು ಬಿಡುವಿದ್ದರೆ ಮಾತ್ರ ಮಾತಿನ ಕವಲನ್ನು ಶುರುಮಾಡು, ಫಲವನ್ನು ಪಕ್ಕಕ್ಕಿಡು ಎಂದೆ. ಬ್ಯಾಟರಿಯೂ ಉಳಿಯಿತು, ಮಾತೂ ಹೊತ್ತಿಗೆ ಸರಿಯಾಗಿ ಬಂತು. ತಾಳ್ಮೆರಾಯರು ಕನ್ನಡಕ ಹಣೆಗೇರಿಸಿ, ಕೊನೆಗೂ ಬುದ್ಧಿ ಬಂತಲ್ಲ ಎಂದರು. ಬಂದದ್ದು ನನಗಲ್ಲ ಎಂದು ಅವರಿಗೆ ಹೇಳಲಿಲ್ಲ.

ಭಾನುವಾರಗಳು ಶುರುವಾದದ್ದು ಹೀಗೆ. ಆಸ್ಪತ್ರೆಯ ಹಿಂಬದಿಯ ಉದ್ದನೆಯ ಓಣಿಯಲ್ಲಿ ಒಂದು ಗಾಜಿನ ಗೋಡೆ ಇತ್ತು. ಒಳಗಿನವರು ಆ ಕಡೆ, ಹೊರಗಿನವರು ಈ ಕಡೆ. ನಿನ್ನ ಅಮ್ಮ ಮೂಗುಬಾಯಿ ಮುಚ್ಚಿಕೊಂಡು ಗಾಲಿ ಕುರ್ಚಿಯಲ್ಲಿ ಬರುತ್ತಿದ್ದಳು. ನಿನಗೆ ಕಾಣಲಿ ಎಂದು, ನರ್ಸ್ ಆಚೆ ಹೋದಾಗ ಒಂದು ಗಳಿಗೆ ಮುಸುಕು ಇಳಿಸುತ್ತಿದ್ದಳು. ನಾನು ನಿನ್ನನ್ನು ಎತ್ತಿ ಹಿಡಿಯುತ್ತಿದ್ದೆ. ಆ ವಾರ ಕಲಿತದ್ದನ್ನೆಲ್ಲ ನೀನು ಅವಳಿಗೆ ತೋರಿಸುತ್ತಿದ್ದೆ, ಗುಂಡಿ ಬಿಚ್ಚಿ ಹಾಕಿ ಬಿಚ್ಚಿ ಹಾಕಿ. ಹೊರಡುವಾಗ ಗಾಜಿಗೆ ಬಾಯಿ ಒತ್ತಿ ಮುತ್ತು ಕೊಡುತ್ತಿದ್ದೆ. ಆ ಎಂಜಲು ಗುರುತನ್ನು ಆಯಾ ಪ್ರತಿ ಭಾನುವಾರ ಗೊಣಗುತ್ತಾ ಒರೆಸುತ್ತಿದ್ದಳು. ನಿನ್ನ ಅಮ್ಮ ನಿನ್ನನ್ನು ನೋಡುತ್ತಿದ್ದಳು, ಆಮೇಲೆ ನಿನ್ನನ್ನು ಹಿಡಿದಿದ್ದ ನನ್ನ ಕೈಗಳನ್ನು ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ಅಸೂಯೆ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನೀನು ನನ್ನನ್ನು ಏನೆಂದು ಕರೆಯಬೇಕು ಎನ್ನುವುದು ಒಂದು ದೊಡ್ಡ ಪ್ರಶ್ನೆಯಾಗಿತ್ತು. ದೊಡ್ಡಮ್ಮ ಅನ್ನಿಸೋಣ ಎಂದ ನಿನ್ನ ಮಾಮ. ಚಿಕ್ಕಮ್ಮನೂ ಆಗಬಹುದು, ವಯಸ್ಸು ಕಡಿಮೆ ಕಾಣುತ್ತದೆ ಎಂದು ತಮಾಷೆ ಮಾಡಿದ. ನಾನು ಎರಡನ್ನೂ ಬೇಡವೆಂದೆ. ಎರಡರೊಳಗೂ ಅಮ್ಮ ಇದ್ದಾಳೆ, ಪುಟ್ಟ ಬಾಯಿ ಅವಸರದಲ್ಲಿ ಮುಂದಿನದನ್ನು ನುಂಗಿ ಹಿಂದಿನದನ್ನು ಮಾತ್ರ ಉಳಿಸಿಕೊಂಡುಬಿಡುತ್ತದೆ. ಆ ಪದಕ್ಕೆ ನಿನ್ನ ಬಾಯಲ್ಲಿ ಒಂದೇ ಜಾಗ. ಅಲ್ಲಿ ಯಾರು ಬರಬೇಕೆಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ನಾನು ನಿನಗೆ ಊಟ ಹಾಕಬಹುದು, ಜ್ವರ ಬಂದರೆ ಎದೆಯ ಮೇಲೆ ಮಲಗಿಸಿಕೊಳ್ಳಬಹುದು, ಎಷ್ಟು ಬೇಕಾದರೂ ಮುದ್ದಿಸಬಹುದು. ಆ ಜಾಗ ಮಾತ್ರ ಮುಟ್ಟಬಾರದು. ಅದಕ್ಕೇ ಅತ್ತೆ ಎಂದಾಯಿತು. ನಾನು ನಿನ್ನ ಅಪ್ಪನ ತಂಗಿ ಅಲ್ಲದೆಯೂ ನಿನ್ನ ಅತ್ತೆಯಾದೆ.

ಒಂದು ಬೆಳಿಗ್ಗೆ ನಿನಗೆ ತಲೆಸ್ನಾನ ಮಾಡಿಸುತ್ತಿದ್ದೆ. ಸೋಪಿನ ನೊರೆ ಕಣ್ಣಿಗಿಳಿಯಿತು. ನೀನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಎರಡೂ ಕೈ ಮುಂದೆ ಚಾಚಿ, "ಅಮ್ಮಾ, ಕಣ್ಣು," ಎಂದೆ. ಬಚ್ಚಲಲ್ಲಿ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ. ನಾನು ನೀರು ಹೊಯ್ದು, ಸೆರಗಿನಿಂದ ನಿನ್ನ ಕಣ್ಣು ಒರೆಸಿ, "ಅತ್ತೆ ಇದೀನಿ. ಅತ್ತೆ," ಎಂದೆ. ನೀನು ಒಂದು ಕಣ್ಣು ತೆರೆದು ನೋಡಿ, ಹ್ಞಾಂ, ಅತ್ತೆ ಎಂದು ತಿದ್ದಿಕೊಂಡೆ. ಆಮೇಲೆ ನಿನ್ನನ್ನು ಒರೆಸಿ ಮಾಮನ ಕೈಗೆ ಕೊಟ್ಟು, ಬಚ್ಚಲು ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟುಕೊಂಡು ಅಲ್ಲೇ ಕೂತಿದ್ದೆ. ಮತ್ತೆ ಅಂಥ ಬೆಳಿಗ್ಗೆ ಬಂದರೂ ನಾನು ಹಾಗೆಯೇ ಹೇಳುತ್ತೇನೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಪದ ನನಗೆ ಬೇಕಿತ್ತು. ಅಷ್ಟು ಬೇಕಾಗಿದ್ದದ್ದು ನನ್ನ ಬದುಕಿನಲ್ಲಿ ಬೇರೊಂದಿಲ್ಲ.

ಉತ್ತರ ಬಂದದ್ದು ಒಂದು ಮೀಟಿಂಗಿನ ನಡುವೆ. ಫೋನೆತ್ತಿಕೊಂಡು ಓಣಿಗೆ ಹೋದೆ. ಔಷಧಿ ಹಿಡಿಯಿತಂತೆ, ಇನ್ನು ಭಯವಿಲ್ಲವಂತೆ, ಮನೆಗೆ ಕಳಿಸುತ್ತಾರಂತೆ ಎಂದು ಮಕ್ಕಳ ಕಚೇರಿಯ ಮೇಡಂ ಹೇಳಿದರು. ಒಳ್ಳೆಯದಾಯಿತು ಎಂದೆ. ಸುಳ್ಳಲ್ಲ. ಆ ಗಾಜಿನಾಚೆಯ ಮುಖವನ್ನು ಅಷ್ಟು ಭಾನುವಾರ ನೋಡಿದ ಮೇಲೆ ಅದು ಬದುಕಿತು ಎಂದು ಕೇಳಿ ನನಗೂ ಉಸಿರು ಬಂತು. ಅದೇ ಉಸಿರಿನಲ್ಲಿ ನೀನು ಹೋಗಿದ್ದೆ. ವಾಪಸು ಬಂದು ಕುರ್ಚಿಯಲ್ಲಿ ಕೂತೆ, ಬೋರ್ಡಿನ ಮೇಲಿದ್ದ ಚಿತ್ರವನ್ನು ನೋಡುತ್ತಲೇ ಇದ್ದೆ. ತಾಳ್ಮೆರಾಯರು ನನ್ನ ಮುಖ ನೋಡಿ ಮೀಟಿಂಗನ್ನು ಅಲ್ಲಿಗೇ ಮುಗಿಸಿದರು. 'ಮನೆಗೆ ಹೋಗಮ್ಮ' ಎಂದರು, ಗಾದೆ ಹೇಳಲಿಲ್ಲ.

ನಿನ್ನ ಅಮ್ಮ ಕರೆದೊಯ್ಯಲು ಬಂದಾಗ ಗಾಳಿ ಬೀಸಿದರೆ ಬೀಳುವಂತಿದ್ದಳು. ಬಾಗಿಲಲ್ಲಿ ನಿಂತು ಕೈ ಚಾಚಲೋ ಬೇಡವೋ ಎಂದು ಅನುಮಾನಿಸಿದಳು. ನೀನು ಅನುಮಾನಿಸಲಿಲ್ಲ. ಮಧ್ಯೆ ಗಾಜಿಲ್ಲ ಎಂದು ಕಂಡದ್ದೇ ಓಡಿಹೋಗಿ ಅವಳ ಕುತ್ತಿಗೆಗೆ ಜೋತುಬಿದ್ದೆ. ನಾವು ಅಷ್ಟೂ ದಿನ ಮಾಡಿದ್ದು ಇದಕ್ಕಾಗಿಯೇ. ನಾನು ನಿನ್ನ ಬಟ್ಟೆ ತುಂಬಿಟ್ಟಿದ್ದೆ, ಮುಂದಿನ ಅಳತೆಯ ಶೂ, ಶಾಲೆಯ ಚೀಲ ಎಲ್ಲವನ್ನೂ ಸೇರಿಸಿ. ಮೆಟ್ಟಿಲಿಳಿಯುವಾಗ ನೀನು ಅವಳ ಹೆಗಲ ಮೇಲಿಂದ ಮಾಮನ ಕಡೆ ತಿರುಗಿ, "ಮೊಳೆ ಹೊಡಿ, ನಿಲ್ಲಿಸಬೇಡ," ಎಂದು ಆಜ್ಞೆ ಮಾಡಿದೆ. ಅವನು ಅಂಗಡಿಗೆ ಹೋಗಿ, ಮೊಳೆಯೇ ಬೇಕಿಲ್ಲದ ಒಂದು ಸ್ಟೂಲಿಗೆ ಸಾಯಂಕಾಲದವರೆಗೆ ಮೊಳೆ ಹೊಡೆದ. ಮಗು ಹೊಂದಿಕೊಳ್ಳುವವರೆಗೆ ನೀವು ಹೋಗಿ ನೋಡುವುದು ಬೇಡ ಎಂದು ಕಚೇರಿಯ ಮೇಡಂ ಹೇಳಿದ್ದರು. ಹೋಗಲಿಲ್ಲ.

ಕಿವಿ ಮಿಷನ್ನಿನ ಚಿಪ್ ಹೊರಬಂತು, ಎಲ್ಲರೂ ಹೊಗಳಿದರು. ನಮ್ಮ ವಿದ್ಯೆಯಲ್ಲಿ ಮೆಚ್ಚುಗೆ ಎಂದರೆ ಏನು ಗೊತ್ತೇ? ಮುಂಚೆ ಮಾಡಿಟ್ಟು ಬೇಡವಾದ ಲೆಕ್ಕದ ಗುರುತು ಎಲ್ಲಿಯೂ ಉಳಿಯಬಾರದು. ಕಿವಿಗೆ ಹಾಕಿಕೊಂಡವರಿಗೆ ಅಂಥದ್ದೊಂದು ನಡೆದಿತ್ತು ಎಂದೇ ತಿಳಿಯಬಾರದು. ನಮ್ಮದು ತಿಳಿಯುತ್ತಿರಲಿಲ್ಲ. ಕಂಡಕ್ಟರ್ ತಾತನಿಗೆ ಫ್ಯಾನು ಮತ್ತೆ ಏನನ್ನೂ ಕೇಳಲಿಲ್ಲ.

ಚಿಪ್‌ಗೆ ಸಾಧ್ಯವಾದದ್ದು ನನ್ನ ಕೈಲಾಗಲಿಲ್ಲ. ನಡೆಯದೆ ಹೋದ ಕವಲು ನನ್ನೊಳಗೆ ಇನ್ನೂ ನಡೆಯುತ್ತಲೇ ಇದೆ. ಅದರಲ್ಲಿ ನೀನು ದಿನಾ ಬೆಳೆಯುತ್ತೀಯ. ಶೂ ಅಂಗಡಿಯ ಮುಂದೆ ಹೋಗುವಾಗ ಈ ವರ್ಷ ನಿನಗೆ ಯಾವ ಅಳತೆ ಆಗಬಹುದೆಂದು ಕಣ್ಣು ತಾನಾಗಿಯೇ ಹುಡುಕುತ್ತದೆ. ಅದರಲ್ಲಿ ನೀನು ಶಾಲೆಗೆ ಸೇರಿದೆ, ಮೊದಲ ದಿನ ಟೀಚರ್‌ಗೇ ಹೇಳಿಕೊಟ್ಟೆ, ನಿನಗೆ ಕೆಳಗಿನ ಹಲ್ಲೊಂದು ಬಿತ್ತು. ಬ್ರೆಡ್ ತಿನ್ನುವಾಗ ನಾನು ಮೊದಲು ಅಂಚು ಕಿತ್ತು ತಿನ್ನುತ್ತೇನೆ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ನಿನ್ನ ಬೈಗುಳಕ್ಕಾಗಿ ಕಿವಿ ಕೊಡುತ್ತೇನೆ. ನಿನ್ನ ಮಾಮನಿಗೆ ಇದೆಲ್ಲ ಗೊತ್ತು. ಅವನು ಒಮ್ಮೊಮ್ಮೆ ಮೊಳೆ ಹೊಡೆಯುತ್ತಾ ಹೊಡೆಯುತ್ತಾ ಸುಮ್ಮನೆ ನಿಂತುಬಿಡುತ್ತಾನೆ, ಯಾರಾದರೂ ಬೈಯಲಿ ಎಂದು ಕಾಯುವವನ ಹಾಗೆ.

ಹೋದ ವಾರ ನನಗೆ ರಜೆಯಿತ್ತು, ಅಂಗಡಿಯಲ್ಲಿ ಕೂತು ದಾರದ ಉಂಡೆ ಬಿಡಿಸುತ್ತಿದ್ದೆ. ಆಟೋದಿಂದ ಒಂದು ಕುರ್ಚಿ ಇಳಿಯಿತು, ಅದರ ಹಿಂದೆ ನಿನ್ನ ಅಮ್ಮ, ಅವಳ ಹಿಂದೆ ನೀನು. ಅವಳು ಮೈತುಂಬಿಕೊಂಡು ಚೆನ್ನಾಗಿದ್ದಾಳೆ. ಕುರ್ಚಿಯ ಬಟ್ಟೆ ಹರಿದಿರಲಿಲ್ಲ. ನಿನ್ನನ್ನು ನಮಗೆ ತೋರಿಸಲು ಒಂದು ನೆಪ ಬೇಕಿತ್ತು ಅವಳಿಗೆ. ನಿನಗೆ ಬಿದ್ದಿದ್ದು ಮೇಲಿನ ಹಲ್ಲುಗಳು, ಎರಡೂ. ಕೈ ಸೊಂಟದ ಮೇಲಿರಲಿಲ್ಲ, ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ. ನನ್ನೊಳಗೆ ಬೆಳೆದವಳು ನೀನಲ್ಲ, ನೀನು ಅವಳಿಗಿಂತ ಎತ್ತರ, ಅವಳಿಗಿಂತ ಮೆತ್ತಗೆ. ಕುರ್ಚಿಯ ಒಳಗೆ ಏನಿರುತ್ತದೆ ಎಂದು ಮಾಮನನ್ನು ಕೇಳಿದೆ. ಅವನು ಸ್ಪ್ರಿಂಗ್ ತೋರಿಸಲು ಹೋಗಿ ಡಬ್ಬಿಯ ಮೊಳೆಗಳನ್ನೆಲ್ಲ ನೆಲಕ್ಕೆ ಚೆಲ್ಲಿದ. ನೀನು ಕೂತು ಒಂದೊಂದಾಗಿ ಆರಿಸಿಕೊಟ್ಟೆ.

ಆಮೇಲೆ ನನ್ನ ಹತ್ತಿರ ಬಂದೆ. ನಿನ್ನ ಅಮ್ಮ ಒಳ್ಳೆಯ ನಡತೆ ಕಲಿಸಿದ್ದಾಳೆ. "ನಿಮ್ಮನ್ನ ಏನಂತ ಕರೀಲಿ?" ಎಂದೆ.

"ಅತ್ತೆ ಅಂತ ಕರಿ," ಎಂದೆ ನಾನು.

ನೀನು ಸ್ವಲ್ಪ ಯೋಚಿಸಿದೆ. "ನಂಗೆ ಅತ್ತೆ ಇಲ್ಲ," ಎಂದೆ, ತಪ್ಪು ತಿದ್ದುವವಳ ಹಾಗೆ, ಮೃದುವಾಗಿ. "ಆಂಟಿ ಅಂತೀನಿ, ಆಗುತ್ತಾ?"

ಆಗುತ್ತೆ ಎಂದೆ.

ನಿನ್ನ ಅಮ್ಮನ ಮುಖ ಬಿಳಿಚಿಕೊಂಡಿತು. ನೀನು ಮತ್ತೆ ಮೊಳೆಗಳ ಕಡೆ ಹೋದಾಗ ನನ್ನ ಕೈ ಹಿಡಿದುಕೊಂಡಳು. ನಿನಗೆ ಆಸ್ಪತ್ರೆ, ಗಾಜು ಯಾವುದೂ ನೆನಪಿಲ್ಲವಂತೆ. ಅಮ್ಮ ಯಾವಾಗಲೂ ಜೊತೆಯಲ್ಲೇ ಇದ್ದಳು ಎಂದುಕೊಂಡಿದ್ದೀಯಂತೆ. ನನ್ನ ವಿಷಯ ಹೇಳಬೇಕೆಂದರೆ ಅವಳು ಇಲ್ಲದೆ ಹೋಗುವುದರಲ್ಲಿದ್ದಳು ಎನ್ನುವುದನ್ನೂ ಹೇಳಬೇಕಾಗುತ್ತದೆ. ಆದರೂ ಅವಳು, "ಈಗಲೇ ಹೇಳ್ತೀನಿ ಅಕ್ಕ. ಹೇಳಲಾ?" ಎಂದಳು. ಒಂದು ಗಳಿಗೆ, ಪೂರ್ತಿ ಒಂದು ಗಳಿಗೆ, ನಾನು ಹ್ಞೂಂ ಎನ್ನುವುದರಲ್ಲಿದ್ದೆ. ನೀನು ಮೊಳೆ ಎಣಿಸುತ್ತಾ ಏನೋ ಹಾಡಿಕೊಳ್ಳುತ್ತಿದ್ದೆ. ಆರು ವರ್ಷದ ಮಗುವಿಗೆ ಅಮ್ಮ ಯಾವಾಗಲೂ ಇದ್ದಳು ಎನ್ನುವುದಕ್ಕಿಂತ ದೊಡ್ಡ ಆಸ್ತಿ ಯಾವುದಿದೆ? ಮಗುವೇ ಕೇಳಿದಾಗ ಹೇಳಿ ಎಂದೆ. ನಾನು ಕಾಯಲು ಒಪ್ಪಿದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ ಎಂದು ನಿನ್ನ ಮಾಮ ಆಮೇಲೆ ಹೇಳಿದ. ನಗಿಸಲು ಹೇಳಿದ, ನಮಗಿಬ್ಬರಿಗೂ ನಗು ಬರಲಿಲ್ಲ.

ಹೀಗೆ ಈ ಪತ್ರ. ನಾನು ದೊಡ್ಡ ಮನಸ್ಸಿನವಳಾಗಿದ್ದರೆ, ಕೇಳದಿದ್ದರೂ ಪರವಾಗಿಲ್ಲ, ಎಲ್ಲಿದ್ದರೂ ಚೆನ್ನಾಗಿರು ಎಂದು ಬರೆದು ಮುಗಿಸುತ್ತಿದ್ದೆ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ನೀನು ಕೇಳಬೇಕು ಎಂದು ದಿನಾ ಆಸೆಪಡುತ್ತೇನೆ, ಇವತ್ತೂ ಪಡುತ್ತಿದ್ದೇನೆ. ಆದರೆ ಈಗ ಬರೆಯುತ್ತಾ ಒಂದು ವಿಷಯ ಹೊಳೆಯಿತು. ಈ ಸಾಲನ್ನು ನೀನು ಓದುತ್ತಿದ್ದೀಯ ಎಂದರೆ ನೀನು ಕೇಳಿದ್ದೀಯ. ಕೇಳದವಳ ಕೈಗೆ ಇದು ಬರುವುದೇ ಇಲ್ಲವಲ್ಲ. ಹಾಗಾದರೆ ಇಷ್ಟು ವರ್ಷ ಬಾಯಿ ಬಿಟ್ಟು ಹೇಳದೆ, ನಿನ್ನ ಮಾಮನಿಗೂ ಹೇಳದೆ ಇಟ್ಟುಕೊಂಡದ್ದನ್ನು ಇನ್ನು ಬರೆಯಬಹುದು.

ಒಂದು ವರ್ಷ ನೀನು ನನ್ನ ಮಗಳಾಗಿದ್ದೆ.

ನಿನ್ನ ಅಮ್ಮನ ಆಯುಷ್ಯ ಗಟ್ಟಿಯಾಗಿರಲಿ. ಅವಳು ಹಣ್ಣುಹಣ್ಣು ಮುದುಕಿಯಾಗುವವರೆಗೆ ನೀನು ಅವಳ ತಲೆ ತಿನ್ನುತ್ತಿರು. ನಮ್ಮ ಮನೆಯ ಬಾಗಿಲು ನಿನಗೆ ಗೊತ್ತಿಲ್ಲದಿದ್ದರೆ ಅವಳನ್ನು ಕೇಳು, ತೋರಿಸುತ್ತಾಳೆ. ಸುಖವಾಗಿ ಬಾಳು.

ಕಾಯುತ್ತಿರುವ,
ನಿನ್ನ ಅತ್ತೆ